ವೀಡಿಯೊ ಎಲ್ಲರೂ ನೋಡಿದ್ರು, ಸರಕು ಯಾರಿಗೂ ನೆನಪಿಲ್ಲ

'ವೈರಲ್ ಆಗೋ ಥರ ಒಂದು ವೀಡಿಯೊ ಮಾಡಿಕೊಡಿ' ಅಂತ ಯಾರಾದರೂ ಕೇಳಿದಾಗಲೆಲ್ಲ ನಾನು ತಿರುಗಿ ಕೇಳೋದು ಒಂದೇ. ಆ ವೀಡಿಯೊದಿಂದ ನಿಮ್ಮ ಸರಕನ್ನು ಎತ್ತಿಬಿಟ್ಟರೂ ಕಥೆ ನಿಲ್ಲುತ್ತಾ? ನಿಲ್ಲುತ್ತೆ ಅನ್ನೋದಾದರೆ ಅದು ಎಷ್ಟು ಕೋಟಿ ಜನರನ್ನು ಮುಟ್ಟಿದರೂ ನಿಮ್ಮ ಕೈಗೆ ಹತ್ತೋದು ಕಡಿಮೆ.

2006ರಲ್ಲಿ ಬ್ಲೆಂಡ್‌ಟೆಕ್ ಅನ್ನೋ ಅಮೆರಿಕದ ಮಿಕ್ಸರ್ ಕಂಪನಿ ಮಾಡಿದ್ದನ್ನು ನೋಡಿ. ಅದರ ಮಾಲೀಕ ಟಾಮ್ ಡಿಕ್ಸನ್‌ಗೆ ಮೊದಲಿನಿಂದಲೂ ಮರದ ತುಂಡುಗಳನ್ನು ಹಾಕಿ ಯಂತ್ರದ ಗಟ್ಟಿತನ ಪರೀಕ್ಷಿಸೋ ಅಭ್ಯಾಸ. ನೆಲದ ಮೇಲೆ ಬಿದ್ದಿದ್ದ ಮರದ ಹುಡಿ ಕಂಡ ಮಾರ್ಕೆಟಿಂಗ್ ಮುಖ್ಯಸ್ಥರಿಗೆ ಇದನ್ನೇ ಯಾಕೆ ತೋರಿಸಬಾರದು ಅನ್ನಿಸಿತು. ಮೊದಲ ವೀಡಿಯೊಗಳಿಗೆ ಆದ ಖರ್ಚು ಸುಮಾರು 50 ಡಾಲರ್. ಬಿಳಿ ಕೋಟು, ಕನ್ನಡಕ ಹಾಕಿಕೊಂಡು ಡಿಕ್ಸನ್ ಗೋಲಿಗಳನ್ನು ಮಿಕ್ಸರ್ ಜಾರ್‌ಗೆ ಸುರಿದು ಗುಂಡಿ ಒತ್ತಿದರು. 2007ರಲ್ಲಿ ಆಗಷ್ಟೇ ಬಂದಿದ್ದ ಐಫೋನನ್ನೇ ಹಾಕಿದರು, ಮುಚ್ಚಳ ತೆಗೆದಾಗ ಉಳಿದಿದ್ದು ಹೊಗೆ ಮತ್ತು ಕಪ್ಪು ಪುಡಿ. ಅದನ್ನು ಗೆಳೆಯರಿಗೆ ಹೇಳೋಕೆ ಹೊರಟವರು ಮಿಕ್ಸರ್ ಬಿಟ್ಟು ಹೇಳೋಕಾಗುತ್ತಾ? ಕಂಪನಿಯ ಮಾರಾಟ ಹಲವು ಪಟ್ಟು ಏರಿತು.

ಈಗ 2009ರ ಎವಿಯಾನ್ ನೀರಿನ ಜಾಹೀರಾತು. ಚಡ್ಡಿ ಹಾಕಿದ ಪುಟ್ಟ ಕೂಸುಗಳು ರೋಲರ್ ಸ್ಕೇಟ್ ಕಟ್ಟಿಕೊಂಡು ಕುಣಿಯೋದು. ಇಂಟರ್ನೆಟ್‌ನಲ್ಲಿ ಅತಿ ಹೆಚ್ಚು ನೋಡಿದ ಜಾಹೀರಾತು ಅಂತ ಗಿನ್ನೆಸ್ ದಾಖಲೆಗೂ ಸೇರಿತು. ಆದರೆ ಅದೇ ವರ್ಷ ಎವಿಯಾನ್ ಮಾರಾಟ ಕುಸಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು, ಒಪ್ಪುತ್ತೇನೆ. ಆದರೂ ಕುಣಿಯೋ ಕೂಸಿಗೂ ಬಾಟಲಿ ನೀರಿಗೂ ಏನು ಸಂಬಂಧ ಅಂತ ನೋಡಿದವರ ತಲೆಯಲ್ಲಿ ಕೂರಲೇ ಇಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಬಾಟಲಿಯ ಬದಲು ಸೋಪು ಇಟ್ಟಿದ್ದರೂ ನಡೆಯುತ್ತಿತ್ತು.

2013ರ ವೋಲ್ವೋ ಟ್ರಕ್ ವೀಡಿಯೊದಲ್ಲಿ ಹಾಗೆ ಬದಲಾಯಿಸೋಕೇ ಆಗಲ್ಲ. ಹಿಮ್ಮುಖವಾಗಿ ಓಡುತ್ತಿರೋ ಎರಡು ಟ್ರಕ್‌ಗಳ ಕನ್ನಡಿಗಳ ಮೇಲೆ ಒಂದೊಂದು ಕಾಲಿಟ್ಟು ಹಾಲಿವುಡ್‌ನ ಆಕ್ಷನ್ ನಟ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್ ನಿಂತಿದ್ದಾರೆ. ಟ್ರಕ್‌ಗಳು ನಿಧಾನಕ್ಕೆ ದೂರ ಸರಿದ ಹಾಗೆ ಅವರ ಕಾಲುಗಳೂ ಅಗಲವಾಗುತ್ತಾ ಹೋಗುತ್ತವೆ. ಸ್ಟೀರಿಂಗ್ ಒಂಚೂರು ಅಲುಗಿದರೂ ಮನುಷ್ಯ ಕೆಳಗೆ! ಉಸಿರು ಬಿಗಿಹಿಡಿದು ನೋಡೋ ನಮಗೆ ಗೊತ್ತಿಲ್ಲದೆಯೇ ನಾವು ಸ್ಟೀರಿಂಗನ್ನೇ ಮೆಚ್ಚುತ್ತಿರುತ್ತೇವೆ.

ಜನ ಯಾಕೆ ಹಂಚುತ್ತಾರೆ ಅನ್ನೋದರ ಮೇಲೆ ಬರ್ಗರ್ ಮತ್ತು ಮಿಲ್ಕ್‌ಮನ್ ಅನ್ನೋ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನ್ಯೂಯಾರ್ಕ್ ಟೈಮ್ಸ್‌ನ ಸಾವಿರಾರು ಲೇಖನಗಳಲ್ಲಿ ಬೆರಗು, ಸಿಟ್ಟು, ಆತಂಕ ಹುಟ್ಟಿಸಿದವು ಹೆಚ್ಚು ಹಂಚಿಕೆಯಾದವು. ಬರೀ ದುಃಖದವು ಅಷ್ಟು ಹೋಗಲಿಲ್ಲ. ಇಲ್ಲಿ ಸಿಟ್ಟನ್ನು ಮರೆಯಬೇಡಿ. 2017ರಲ್ಲಿ ಅಮೆರಿಕದ ಮಾಡೆಲ್ ಕೆಂಡಲ್ ಜೆನ್ನರ್ ಪ್ರತಿಭಟನೆಯ ನಡುವೆ ಪೊಲೀಸನ ಕೈಗೆ ಪೆಪ್ಸಿ ಕ್ಯಾನ್ ಕೊಡೋ ಜಾಹೀರಾತು ಹರಡಿದ್ದೇ ಸಿಟ್ಟಿನಿಂದ. ನಿಜವಾದ ಜನರ ನಿಜವಾದ ನೋವನ್ನು ಅಲಂಕಾರಕ್ಕೆ ಬಳಸಿಕೊಂಡಿದ್ದರು. ಜನ ಉಗಿದರು, ಪೆಪ್ಸಿ ಕ್ಷಮೆ ಕೇಳಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ನೋಟದ ಲೆಕ್ಕದಲ್ಲಿ ಅದೂ 'ವೈರಲ್'ಲೇ.

ಆ ಲೆಕ್ಕವನ್ನೂ ಪೂರ್ತಿ ನಂಬೋ ಹಾಗಿಲ್ಲ. ಫೇಸ್‌ಬುಕ್‌ನಲ್ಲಿ ಮೂರು ಸೆಕೆಂಡ್ ಕಂಡರೂ ಒಂದು ವ್ಯೂ ಅಂತ ಎಣಿಸುತ್ತಿದ್ದರು. ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅನ್ನೋ ಅಂಕಿಯನ್ನು ಹಿಗ್ಗಿಸಿ ತೋರಿಸಿದ್ದಾಗಿ 2016ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಬೆರಳು ಸರಿಸೋ ನಡುವೆ ಕಣ್ಣಿಗೆ ಬಿದ್ದದ್ದನ್ನೇ ಗೆಲುವು ಅಂತ ಮೀಟಿಂಗಿನಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳೋದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತೆ. ಆ ವೀಡಿಯೊಗೆ ರಾತ್ರಿ ಹಗಲು ದುಡಿದವರಿಗೂ ಅದು ಅನ್ಯಾಯ.

2012ರ ಡಾಲರ್ ಶೇವ್ ಕ್ಲಬ್ ವೀಡಿಯೊ ತಯಾರಾಗಿದ್ದು ಸುಮಾರು 4,500 ಡಾಲರ್‌ಗೆ. ಸಂಸ್ಥಾಪಕ ಮೈಕೆಲ್ ಡುಬಿನ್ ಕ್ಯಾಮೆರಾ ನೋಡಿಕೊಂಡು, ತಿಂಗಳಿಗೆ ಒಂದು ಡಾಲರ್‌ಗೆ ಬ್ಲೇಡು ಮನೆಗೆ ಬರುತ್ತೆ ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ತಮಾಷೆಯೆಲ್ಲ ಆ ಮಾತಿನ ಸುತ್ತಲೇ. ಜನ ಮುಗಿಬಿದ್ದು ವೆಬ್‌ಸೈಟೇ ಕುಸಿದು ಬಿತ್ತು, ಆದರೂ ಎರಡು ದಿನದಲ್ಲಿ ಬಂದ ಆರ್ಡರ್ ಸುಮಾರು 12,000.