ಸೈಕಲ್ಲಿನ ವೇಗ ನೋಡಲು ನನ್ನ ಮೊಬೈಲ್ ಏಕೆ ಬೇಕು?

ನಿನ್ನೆ ಮಧ್ಯಾಹ್ನ ಪುಣೆಯ ಕರ್ವೆ ರಸ್ತೆಯಲ್ಲಿ, ನಳ್ ಸ್ಟಾಪ್ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಎಲೆಕ್ಟ್ರಿಕ್ ಸೈಕಲ್ಲಿನ ಹ್ಯಾಂಡಲಿಗೆ ಸಿಕ್ಕಿಸಿದ್ದ ಮೊಬೈಲ್ ಮೊದಲು ಮಂಕಾಯಿತು. ನಂತರ, ವಿಪರೀತ ಬಿಸಿಯಾಗಿದೆ, ತಣ್ಣಗಾಗುವವರೆಗೆ ಕಾಯಿರಿ ಎಂಬ ಸೂಚನೆ ತೋರಿಸಿ ಸುಮ್ಮನಾಯಿತು. ಅದರ ಜೊತೆಗೆ ನನ್ನ ವೇಗದ ಅಂಕಿಯೂ ಹೋಯಿತು, ಬ್ಯಾಟರಿಯ ಲೆಕ್ಕವೂ ಹೋಯಿತು. ಮೋಟಾರಿನ ನೆರವನ್ನು ಹೆಚ್ಚಿಸುವ, ತಗ್ಗಿಸುವ ಗುಂಡಿಯೂ ಮೊಬೈಲಿನಲ್ಲಿರುವ ಸೈಕಲ್ ಕಂಪನಿಯ ಆ್ಯಪಿನ ಒಳಗೇ ಇರುವುದರಿಂದ ಅದೂ ಕೈತಪ್ಪಿತು. ಹಸಿರು ದೀಪ ಬಿತ್ತು. ಹಿಂದಿನವರೆಲ್ಲ ಹಾರ್ನ್ ಒತ್ತತೊಡಗಿದರು. ಮೇ ತಿಂಗಳ ಆ ಬಿಸಿಲಿನಲ್ಲಿ ಬರಿಯ ಕಾಲಿನ ಬಲದಿಂದ ಆ ಭಾರದ ಸೈಕಲ್ಲನ್ನು ತುಳಿದು ರಸ್ತೆಯ ಬದಿಗೆ ಬರುವಷ್ಟರಲ್ಲಿ ನನಗೆ ಅಳು ಬಂದಿತ್ತು. ಅದು ಸಿಟ್ಟಿನ ಅಳು.

ಹದಿನಾಲ್ಕು ತಿಂಗಳ ಹಿಂದೆ 42,000 ರೂಪಾಯಿ ಕೊಟ್ಟು ಇದನ್ನು ಕೊಂಡೆ. ಕೋಥ್ರೂಡಿನ ಮನೆಯಿಂದ ಶಿವಾಜಿನಗರದ ಕಚೇರಿಗೆ ಹೋಗಿಬರಲು ಇದಕ್ಕಿಂತ ಒಳ್ಳೆಯ ವಾಹನವಿಲ್ಲ ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಮೋಟಾರಿನ ಶಕ್ತಿ 250 ವ್ಯಾಟ್ ದಾಟದೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇದ್ದರೆ ನೋಂದಣಿ ಬೇಡ, ಪರವಾನಗಿ ಬೇಡ. ಧಾರವಾಡದಲ್ಲಿ ಕಾಲೇಜಿಗೆ ಸೈಕಲ್ ತುಳಿದವಳಿಗೆ ಐವತ್ತರ ಅಂಚಿನಲ್ಲಿ ಅದೇ ಸುಖ ಮತ್ತೆ ಸಿಕ್ಕಿತ್ತು. ನನ್ನ ಜಗಳ ಸೈಕಲ್ಲಿನ ಜೊತೆಗಲ್ಲ. ಹ್ಯಾಂಡಲಿನ ಮೇಲೆ ಒಂದು ಪುಟ್ಟ ಪರದೆ ಕೂರಿಸುವ ಖರ್ಚನ್ನು ಉಳಿಸಿಕೊಂಡು, ಆ ಕೆಲಸವನ್ನು ನನ್ನ ಮೊಬೈಲಿನ ತಲೆಗೆ ಕಟ್ಟಿದವರ ಜೊತೆ.

ಕೊಳ್ಳುವಾಗ ಅಂಗಡಿಯ ಹುಡುಗ, "ತಾಈ, ಈಗ ಎಲ್ಲವೂ ಮೊಬೈಲಿನಲ್ಲೇ, ಬೇರೆ ಡಿಸ್‌ಪ್ಲೇ ಯಾರಿಗೂ ಬೇಡ" ಎಂದು ಮರಾಠಿಯಲ್ಲಿ ಹೇಳಿದ. ಯಾರಿಗೂ ಬೇಡ ಎಂದು ಇವರಿಗೆ ಹೇಳಿದವರು ಯಾರು? ನನಗೆ ಬೇಕು. ಹಳೆಯ ಮಾದರಿಯ ಬೂದು ಬಣ್ಣದ ಎಲ್‌ಸಿಡಿ ಪರದೆ ಕ್ಯಾಲ್ಕುಲೇಟರಿನಂತೆ ಮೇಲೆ ಬಿದ್ದ ಬೆಳಕನ್ನೇ ಬಳಸಿಕೊಳ್ಳುತ್ತದೆ. ಬಿಸಿಲು ಹೆಚ್ಚಿದಷ್ಟೂ ಅಂಕಿಗಳು ನಿಚ್ಚಳ. ಮೊಬೈಲ್ ಹಾಗಲ್ಲ. ಅದು ತನ್ನೊಳಗಿನ ಬೆಳಕಿನಿಂದಲೇ ಸೂರ್ಯನ ಜೊತೆ ಸೆಣಸಬೇಕು. ಪರದೆಯ ಬೆಳಕನ್ನು ಪೂರ್ತಿ ಹೆಚ್ಚಿಸಬೇಕು, ಜಿಪಿಎಸ್ ಚಾಲೂ ಇರಬೇಕು, ಬ್ಲೂಟೂತ್ ಚಾಲೂ ಇರಬೇಕು, ಅದರ ಮೇಲೆ ನೆತ್ತಿಯ ಬಿಸಿಲು. ಸುತ್ತಲಿನ ಉಷ್ಣತೆ 35 ಡಿಗ್ರಿಯೊಳಗಿದ್ದಾಗ ಮಾತ್ರ ಬಳಸಿರಿ ಎಂದು ಮೊಬೈಲ್ ತಯಾರಕರೇ ಬರೆದಿರುತ್ತಾರೆ. ಪುಣೆಯ ಏಪ್ರಿಲ್, ಮೇ ಹೇಗಿರುತ್ತದೆ ಎಂಬುದು ಈ ಸೈಕಲ್ ಮಾಡಿದವರಿಗೆ ಗೊತ್ತಿರಲಿಲ್ಲವೇ?

ಮಳೆಗಾಲದ ಪಾಡು ಬೇರೆ. ಬೆರಳಿನ ಸ್ಪರ್ಶದಿಂದ ಪರದೆಯ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಮೊಬೈಲ್ ಗುರುತಿಸುತ್ತದೆ. ನೀರಿನ ಹನಿಯೂ ಅದೇ ಬದಲಾವಣೆ ಮಾಡುತ್ತದೆ. ಕಳೆದ ಜುಲೈಯಲ್ಲಿ ಡೆಕ್ಕನ್ ಬಳಿ ಜಡಿಮಳೆಗೆ ಸಿಕ್ಕಾಗ ನಾನು ಮುಟ್ಟದೆಯೇ ಮೋಟಾರಿನ ನೆರವು ಒಂದನೆಯ ಹಂತದಿಂದ ನಾಲ್ಕಕ್ಕೆ ಏರಿ ಸೈಕಲ್ ಮುಂದಕ್ಕೆ ನೆಗೆಯಿತು. ಮುಂದೆ ಶಾಲೆಯ ರಿಕ್ಷಾ ಇತ್ತು. ಬ್ರೇಕ್ ಹಿಡಿದೆ, ಬದುಕಿದೆ. ಮಳೆಯ ನೀರು ವಾಹನದ ವೇಗವನ್ನು ಬದಲಿಸುವುದೆಂದರೆ ಅದು ಸಣ್ಣ ದೋಷವೇ?

ಆದರೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸುಳ್ಳು ಅಂಕಿ. ನವೆಂಬರಿನಲ್ಲಿ ಬಾವಧನದ ನಾದಿನಿಯ ಮನೆಗೆ ಹೊರಟಿದ್ದೆ. ಚಾಂದನಿ ಚೌಕದ ಏರು ಹತ್ತಬೇಕು. ಹೊರಡುವಾಗ ಪರದೆಯಲ್ಲಿ ಬ್ಯಾಟರಿ 58 ಶೇಕಡಾ. ಪೌಡ್ ರಸ್ತೆಯಲ್ಲಿ ಅವ್ವನ ಫೋನ್ ಬಂತು. ಕರೆಯ ಚಿತ್ರ ಪರದೆಯನ್ನೆಲ್ಲ ಆವರಿಸಿತು, ಸೈಕಲ್ ನಿಲ್ಲಿಸಿ ಎರಡು ಮಾತಾಡಿ ಇಟ್ಟೆ. ಆ್ಯಪ್ ಮರಳಿ ಬಂದಾಗಲೂ 58. ಅರ್ಧ ಏರು ಹತ್ತಿದಾಗಲೂ 58. ಮೋಟಾರ್ ನಿಂತಾಗಲೂ ಅಲ್ಲಿ 58 ಎಂದೇ ಇತ್ತು. ಬ್ಲೂಟೂತ್ ಕೊಂಡಿ ತಪ್ಪಿ ಎಷ್ಟು ಹೊತ್ತಾಗಿತ್ತೋ, ಆ್ಯಪ್ ತನ್ನಲ್ಲಿದ್ದ ಹಳೆಯ ಅಂಕಿಯನ್ನೇ ಹೊಸದೆಂಬಂತೆ ತೋರಿಸುತ್ತಿತ್ತು. ಕೊಂಡಿ ತಪ್ಪಿದರೆ ಅಂಕಿಯನ್ನು ಅಳಿಸಿ ಖಾಲಿ ಗೆರೆ ತೋರಿಸುವುದು ಎಷ್ಟು ಹೊತ್ತಿನ ಕೆಲಸ? ಲಾರಿಗಳು ಮೈಗೆ ತಾಗುವಂತೆ ಹೋಗುತ್ತಿದ್ದ ಆ ಏರಿನಲ್ಲಿ ಇಪ್ಪತ್ತನಾಲ್ಕು ಕಿಲೋ ತೂಕದ ಸೈಕಲ್ಲನ್ನು ತಳ್ಳಿಕೊಂಡು ಹೋದೆ. ರಾತ್ರಿ ನಾದಿನಿ ನನ್ನ ಮೊಣಕಾಲಿಗೆ ಎಣ್ಣೆ ಹಚ್ಚಿದಳು.

ಮೊಬೈಲಿನ ಕ್ಯಾಮೆರಾ ಕೂಡ ಹಾಳಾಯಿತು. ಈಗ ಯಾವ ಚಿತ್ರ ತೆಗೆದರೂ ನೀರಿನೊಳಗಿಂದ ತೆಗೆದಂತೆ ಅಲುಗುತ್ತದೆ. ಕೈ ನಡುಗಿದರೂ ಚಿತ್ರ ಕದಡದಂತೆ ಒಳಗೆ ಮಸೂರವನ್ನು ತೂಗಾಡುವಂತೆ ಕೂರಿಸಿರುತ್ತಾರೆ. ಸತತ ಅದುರಿಕೆ ಅದಕ್ಕೆ ಕೇಡು. ಬೈಕಿನ ಹ್ಯಾಂಡಲಿನ ಅದುರಿಕೆಯಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿ 2021ರಲ್ಲೇ ಎಚ್ಚರಿಸಿದೆ. ಎಲೆಕ್ಟ್ರಿಕ್ ವಾಹನಗಳಲ್ಲಿ ಅದುರಿಕೆ ಕಡಿಮೆಯಾದರೂ ಅದನ್ನು ಹೀರಿಕೊಳ್ಳುವ ಹೋಲ್ಡರ್ ಬಳಸಿರಿ ಎಂದಿದೆ. ನನಗೆ ಸೈಕಲ್ಲಿನ ಜೊತೆ ಕೊಟ್ಟದ್ದು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಹಿಡಿಕೆ. ಎಚ್ಚರಿಕೆಯ ಒಂದು ಸಾಲೂ ಅವರ ಕೈಪಿಡಿಯಲ್ಲಿಲ್ಲ. ಮೊಮ್ಮಗಳ ನಾಮಕರಣದ ಚಿತ್ರಗಳೆಲ್ಲ ಹಾಗೆಯೇ ಅಲುಗಿದವು. ಆ ದಿನವನ್ನು ಯಾರು ತಂದುಕೊಡುತ್ತಾರೆ?

ನೋಂದಣಿಯಾಗುವ ಸ್ಕೂಟರಿಗೆ ವೇಗಮಾಪಕ ಇರಲೇಬೇಕೆಂದು ಕಾನೂನಿದೆ. ನಮ್ಮ ಸೈಕಲ್ಲು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ, ಆದ್ದರಿಂದ ಕೇಳುವವರಿಲ್ಲ. ಆ್ಯಪನ್ನೇ ನಂಬಿದರೆ ಮುಂದೇನು ಎಂಬ ಭಯವೂ ಇದೆ. ನೆದರ್‌ಲೆಂಡ್ಸಿನ ವ್ಯಾನ್‌ಮೂಫ್ ಎಂಬ ಎಲೆಕ್ಟ್ರಿಕ್ ಸೈಕಲ್ ಕಂಪನಿ 2023ರ ಜುಲೈಯಲ್ಲಿ ದಿವಾಳಿಯಾದಾಗ, ಸರ್ವರ್ ನಿಂತರೆ ಆ್ಯಪಿನಲ್ಲಿರುವ ಬೀಗದ ಕೀಲಿ ಕೈತಪ್ಪುತ್ತದೆಂದು ಸವಾರರು ಹೆದರಿದರು. ಕಡೆಗೆ ಪ್ರತಿಸ್ಪರ್ಧಿ ಕಂಪನಿಯೊಂದು ಆ ಕೀಲಿಯನ್ನು ಉಳಿಸಿಕೊಳ್ಳುವ ಆ್ಯಪ್ ಮಾಡಿಕೊಡಬೇಕಾಯಿತು.

ಮಗ ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ ಕಟ್ಟಿ, ಹ್ಯಾಂಡಲಿಗೆ ನಾಣ್ಯದಂಥ ಸೆಲ್ಲಿನಿಂದ ನಡೆಯುವ ಪುಟ್ಟ ವೇಗಮಾಪಕ ಕೂರಿಸಿಕೊಟ್ಟಿದ್ದಾನೆ. ಬಿಸಿಲಿನಲ್ಲೂ ಕಾಣುತ್ತದೆ, ಮಳೆಯಲ್ಲೂ ಕಾಣುತ್ತದೆ, ಯಾರ ಕರೆ ಬಂದರೂ ಮರೆಯಾಗುವುದಿಲ್ಲ. ಆದರೆ ಬ್ಯಾಟರಿ ಎಷ್ಟಿದೆ ಎಂದು ಅದಕ್ಕೆ ತಿಳಿಯದು, ಮೋಟಾರಿನ ನೆರವನ್ನು ಅದು ಬದಲಿಸಲಾರದು. ಮೋಟಾರನ್ನು ನಿಯಂತ್ರಿಸುವ ಸೈಕಲ್ಲಿನ ಕಂಟ್ರೋಲರ್, ಕಂಪನಿಯ ಆ್ಯಪಿನ ಜೊತೆಗಲ್ಲದೆ ಬೇರೆ ಯಾರ ಜೊತೆಗೂ ಮಾತಾಡುವುದಿಲ್ಲ. ತಂತಿಯ ಡಿಸ್‌ಪ್ಲೇ ಹಾಕಿಕೊಡಿ, ಹಣ ಕೊಡುತ್ತೇನೆ ಎಂದು ಅಂಗಡಿಗೆ ಹೋಗಿ ಕೇಳಿದೆ. ಅದಕ್ಕೆ ಬೇಕಾದ ಕನೆಕ್ಟರನ್ನೇ ಇಟ್ಟಿಲ್ಲವಂತೆ. ಲಿಖಿತ ದೂರು ಎರಡು ಸಲ ಕೊಟ್ಟೆ. ಎರಡು ಸಲವೂ ಆ್ಯಪನ್ನು ಅಪ್‌ಡೇಟ್ ಮಾಡಿರಿ ಎಂಬ ಉತ್ತರ ಬಂತು, ಅದೂ ಆ್ಯಪಿನ ಒಳಗೇ. ಶನಿವಾರ ಬಿಲ್ಲನ್ನೂ ಕೆಟ್ಟ ಕ್ಯಾಮೆರಾದ ಮೊಬೈಲನ್ನೂ ಹಿಡಿದು ಮತ್ತೆ ಹೋಗುತ್ತೇನೆ. ಮೂರನೆಯ ದೂರನ್ನು ಕಾಗದದ ಮೇಲೆ ಬರೆದಿದ್ದೇನೆ, ಸಹಿ ಮತ್ತು ಮುದ್ರೆ ಹಾಕಿ ಒಂದು ಪ್ರತಿ ನನ್ನ ಕೈಗೆ ಕೊಡುವವರೆಗೆ ಅಲ್ಲಿಂದ ಕದಲುವುದಿಲ್ಲ.