ಗ್ರಾಂಗೆ ಹತ್ತು ಗುಂಟೆ

ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದ ದುರ್ನಾತದ ಕಥೆ ಓದುಗರಿಗೆ ಬಾಯಿಪಾಠವಾಗಿದೆ. ರಾತ್ರಿಯಾದರೆ ಕಿಟಕಿ ತೆರೆಯಲಾಗದು ಎಂದು ಹಳ್ಳಿಯವರು ದೂರುವುದೂ, ಎಲ್ಲವೂ ಮಿತಿಯೊಳಗಿದೆ ಎಂಬ ಉತ್ತರ ಬರುವುದೂ ಹೊಸದಲ್ಲ.

ಆ ಉತ್ತರ ಸುಳ್ಳೆಂದು ನಾನು ಹೇಳಲಾರೆ. 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿಯಲ್ಲಿರುವುದು 12 ಮಾಲಿನ್ಯಕಾರಕಗಳು. ಅವುಗಳಲ್ಲಿ ಅಮೋನಿಯಾ ಇದೆ, ಬೆಂಜೀನ್ ಇದೆ, ಆದರೆ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇಲ್ಲ, ನಾತವೆಂಬ ಪದಾರ್ಥವಂತೂ ಇಲ್ಲವೇ ಇಲ್ಲ. ನೂರು ಕೋಟಿ ಭಾಗ ಗಾಳಿಯಲ್ಲಿ ಆ ಅನಿಲದ ಕೆಲವೇ ಭಾಗಗಳಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಪಾಪ, ಅದಕ್ಕೆ ಪ್ರಮಾಣಪತ್ರವಿಲ್ಲ.

ಇಂಥ ಕಡೆಗಳಲ್ಲೆಲ್ಲ ಪರಿಹಾರವಾಗಿ ಕೇಳಿಬರುವ ಹೆಸರು ಆಕ್ಟಿವೇಟೆಡ್ ಕಾರ್ಬನ್, ಅಂದರೆ ಗಾಳಿಯಲ್ಲಿನ ವಾಸನೆ ಹಿಡಿದಿಡುವ ಒಂದು ಬಗೆಯ ಇದ್ದಿಲು. ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವನ್ನು ಸುಟ್ಟು, ಆ ಇದ್ದಿಲಿಗೆ ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ ಒಳಗೆಲ್ಲ ಸೂಕ್ಷ್ಮ ರಂಧ್ರಗಳೆದ್ದು, ಒಂದೇ ಗ್ರಾಂ ಇದ್ದಿಲಿನಲ್ಲಿ ಸುಮಾರು 1,000 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಮೇಲ್ಮೈ ಸಿಗುತ್ತದೆ. ನಾರುವ ಅನಿಲ ಬಂದು ಅಂಟಿಕೊಳ್ಳುವುದು ಈ ಮೇಲ್ಮೈಗೇ. ಈ ಲೆಕ್ಕ ಗೊತ್ತಿದ್ದರೆ ಕೈಗಾರಿಕೆಗೆಂದು ಅಲ್ಲಿ 3,000 ಎಕರೆಗೂ ಹೆಚ್ಚು ಜಮೀನು ವಶಪಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಹದಿಮೂರು ಕಿಲೋ ಇದ್ದಿಲನ್ನು ಒಂದು ಚೀಲದಲ್ಲಿ ತಂದಿಟ್ಟಿದ್ದರೆ ಅಷ್ಟೂ ಎಕರೆ ಅದರೊಳಗೇ ಹಿಡಿಯುತ್ತಿತ್ತು, ರೈತರ ಹೊಲ ರೈತರಿಗೇ ಉಳಿಯುತ್ತಿತ್ತು.

ಆದರೆ ಹತ್ತು ಗುಂಟೆಯೂ ಒಂದು ದಿನ ಭರ್ತಿಯಾಗುತ್ತದೆ. ಆಮೇಲೆ ಹೊಗೆ ಇದ್ದಿಲಿನ ಮೂಲಕವೇ ಹಾಯ್ದು, ಬಂದ ವಾಸನೆಯನ್ನು ಹೊತ್ತುಕೊಂಡೇ ಹೊರಬೀಳುತ್ತದೆ. ಗಾಳಿ ಬಿಸಿಯಾಗಿದ್ದರೆ, ತೇವವಾಗಿದ್ದರೆ ಇನ್ನೂ ಬೇಗ. ಅಮೋನಿಯಾವನ್ನಂತೂ ಬರೀ ಇದ್ದಿಲು ಸರಿಯಾಗಿ ಹಿಡಿಯುವುದೇ ಇಲ್ಲ. ಹೊಟ್ಟೆ ತುಂಬಿದ ಇದ್ದಿಲನ್ನು ತೆಗೆದು ಹೊಸದನ್ನು ತುಂಬಬೇಕು, ಹಳೆಯದನ್ನು ಅಪಾಯಕಾರಿ ತ್ಯಾಜ್ಯವೆಂದು ವಿಲೇವಾರಿ ಮಾಡಬೇಕು, ಎರಡಕ್ಕೂ ದುಡ್ಡು ಬೇಕು. ಆದ್ದರಿಂದ ನಮ್ಮಲ್ಲಿ ಅನೇಕ ಕಡೆ ಇದ್ದಿಲಿನ ಟ್ಯಾಂಕ್ ಮೂಲವಿಗ್ರಹವಿದ್ದಂತೆ: ಒಮ್ಮೆ ಪ್ರತಿಷ್ಠಾಪನೆಯಾದ ಮೇಲೆ ಕದಲಿಸಬಾರದು, ಆಯುಧಪೂಜೆಗೊಮ್ಮೆ ಕುಂಕುಮ ಹಚ್ಚಿದರೆ ಸಾಕು.

ತಮಾಷೆ ಇಲ್ಲಿಗೆ ಸಾಕು. ಹೊಲ ಕೊಟ್ಟವರು ಮನೆಯೊಳಗೆ ಮೂಗು ಮುಚ್ಚಿಕೊಂಡು ಮಲಗಬೇಕಾಗಿರುವುದು ತಂತ್ರಜ್ಞಾನವಿಲ್ಲದೆ ಅಲ್ಲ, ಕರಟಕ್ಕೆ ಬರಗಾಲ ಬಂದೂ ಅಲ್ಲ. ಬದಲಿಸಬೇಕಾದುದನ್ನು ಬದಲಿಸದೆ, ಕೇಳಬೇಕಾದವರು ಕೇಳದೆ. ಪರಿಶೀಲನೆಗೆ ಬರುವವರು ಬೆಳಿಗ್ಗೆ ಹನ್ನೊಂದರ ಬದಲು ರಾತ್ರಿ ಹನ್ನೊಂದಕ್ಕೆ ಬಂದು, ಇದ್ದಿಲು ಕೊನೆಯ ಸಲ ಬದಲಾದ ದಿನಾಂಕ ಯಾವುದೆಂದು ಕೇಳಲಿ. ಮೀಟರ್ ತರದಿದ್ದರೂ ನಡೆಯುತ್ತದೆ, ನೆಗಡಿ ಇಲ್ಲದಿದ್ದರಾಯಿತು.