ಒಂದು ವಿಸಿಲ್, ಒಂದು ಸುತ್ತು ಟೇಪು

ಜೂನ್ 1 ಬಂತು. ನವೆಂಬರ್ 30ರವರೆಗೆ ಫ್ಲೋರಿಡಾದಲ್ಲಿ ಹರಿಕೇನ್, ಅಂದರೆ ಚಂಡಮಾರುತದ ಕಾಲ. ಗಾಳಿ ಬರುತ್ತದೋ ಇಲ್ಲವೋ, ಏನೇನು ಸಿದ್ಧ ಇಟ್ಟುಕೊಳ್ಳಬೇಕು ಅಂತ ಸರ್ಕಾರದ ಪಟ್ಟಿ ಮಾತ್ರ ತಪ್ಪದೇ ಬರುತ್ತದೆ. "ನಿಮ್ಮ ಮನೆ ಸಿದ್ಧವಾಗಿದೆಯೇ?" ಎಂದು ತಲೆಬರಹ. ಕೆಳಗೆ ನಗುವ ಅಪ್ಪ, ನಗುವ ಅಮ್ಮ, ಎರಡು ಮಕ್ಕಳು, ಒಂದು ನಾಯಿ. ನಾಯಿಯೂ ನಗುತ್ತಿದೆ. ಸೂರು ಹಾರಿಹೋಗುವ ವಿಷಯಕ್ಕೆ ಇಷ್ಟು ಖುಷಿ ಪಡುವ ಸಂಸಾರವನ್ನು ನಾನಂತೂ ನೋಡಿಲ್ಲ.

ಹೀಗೆ ಕೇಳುವವರ ಸಿದ್ಧತೆ ಎಷ್ಟಿತ್ತು ಅಂತ ನಿಮಗೆ ಗೊತ್ತೇ ಇದೆ. 2025ರ ಜೂನ್‌ನಲ್ಲಿ ಫೀಮಾದ, ಅಂದರೆ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯ, ಹಂಗಾಮಿ ಮುಖ್ಯಸ್ಥರು, ಈ ದೇಶಕ್ಕೆ ಹರಿಕೇನ್ ಕಾಲ ಅಂತ ಒಂದಿದೆ ಅನ್ನೋದೇ ತಮಗೆ ಗೊತ್ತಿರಲಿಲ್ಲ ಎಂದು ಸಿಬ್ಬಂದಿಗೆ ಹೇಳಿದರು ಅಂತ ಸುದ್ದಿಯಾಯಿತು. ಅದು ತಮಾಷೆಗೆ ಹೇಳಿದ್ದು ಎಂದು ಮೇಲಿನ ಇಲಾಖೆ ಸಮಜಾಯಿಷಿ ಕೊಟ್ಟಿತು. ಇರಬಹುದು. ಆದರೆ ಎದುರಿಗೆ ಕೂತು ಕೇಳಿದವರಿಗೇ ಅದು ತಮಾಷೆಯೋ ನಿಜವೋ ತಿಳಿಯಲಿಲ್ಲವಂತೆ. ಅಂಥ ತಮಾಷೆ ಮಾಡಲು ನಿಜಕ್ಕೂ ಪ್ರತಿಭೆ ಬೇಕು.

ಇರಲಿ, ಪಟ್ಟಿಗೆ ಬರೋಣ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು. ನಾವು ನಾಲ್ವರು. ಎರಡು ವಾರಕ್ಕೆ ಲೆಕ್ಕ ಹಾಕಿದರೆ 56 ಗ್ಯಾಲನ್, ಅಂದರೆ 210 ಲೀಟರಿಗೂ ಜಾಸ್ತಿ. ನೀರು ಇಟ್ಟ ಮೇಲೆ ನಾವು ಎಲ್ಲಿರಬೇಕು ಅಂತ ಬರೆದಿಲ್ಲ. ಕೈಯಲ್ಲಿ ತಿರುಗಿಸುವ ರೇಡಿಯೊ. ಡಬ್ಬಿ ತೆರೆಯೋದು, ಅದೂ ಕೈಯಲ್ಲೇ ತಿರುಗಿಸುವಂಥದ್ದು. ಪ್ಲಾಸ್ಟಿಕ್ ಹಾಳೆ, ಡಕ್ಟ್ ಟೇಪು, ಒಂದು ಸ್ಪ್ಯಾನರ್. ಮತ್ತೆ ಒಂದು ವಿಸಿಲ್.

ನನಗೆ ಈ ವಿಸಿಲ್ ಮೇಲೆ ಬಹಳ ಪ್ರೀತಿ. ಗಂಟೆಗೆ 252 ಕಿಲೋಮೀಟರ್ ಮುಟ್ಟಿದ ಗಾಳಿಗೆ ಐದನೇ ದರ್ಜೆ ಅನ್ನುತ್ತಾರೆ. ಅದರ ಎದುರು ನನ್ನ ಕೈಗೆ ಕೊಟ್ಟಿರುವುದು ಪೀಪಿ. ಗಾಳಿ ಇಳಿದ ಮೇಲೆ, ಸಹಾಯ ಬೇಕಾದರೆ ಊದಬೇಕಂತೆ. ಸರಿ, ಊದುತ್ತೇನೆ. ಕೇಳಿಸಿಕೊಳ್ಳಲು ಆ ಕಡೆ ಯಾರಿರುತ್ತಾರೆ ಅಂತಲೂ ಒಂದು ಸಾಲು ಬರೆದಿದ್ದರೆ ಚೆನ್ನಾಗಿತ್ತು.

ಜನರೂ ಏನು ಕಡಿಮೆಯಿಲ್ಲ, ಹೇಳಿಬಿಡುತ್ತೇನೆ. ಹರಿಕೇನ್ ಬರುವ ಮುಂಚೆ ಜನ ಏನು ಕೊಳ್ಳುತ್ತಾರೆ ಅಂತ 2004ರಲ್ಲಿ ವಾಲ್‌ಮಾರ್ಟ್‌ನವರು ತಮ್ಮ ಬಿಲ್ಲುಗಳನ್ನು ಜಾಲಾಡಿದರು. ಟಾರ್ಚು ಅಂದುಕೊಂಡಿರಾ? ಸ್ಟ್ರಾಬೆರಿ ಪಾಪ್‌ಟಾರ್ಟ್ ಅನ್ನುವ ಸಿಹಿ ತಿಂಡಿ ಮಾಮೂಲಿಗಿಂತ ಏಳು ಪಟ್ಟು ಹೋಗಿತ್ತು. ಎಲ್ಲಕ್ಕಿಂತ ಜಾಸ್ತಿ ಹೋಗಿದ್ದು ಬಿಯರ್. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. 2017ರಲ್ಲಿ ಇರ್ಮಾ ಎಂಬ ಹರಿಕೇನ್ ಬರುವಾಗ, ಅದರ ಮೇಲೆ ಬಂದೂಕು ಹಾರಿಸೋಣ ಬನ್ನಿ ಅಂತ ಫೇಸ್‌ಬುಕ್‌ನಲ್ಲಿ ಯಾರೋ ಕರೆ ಕೊಟ್ಟರು. ಸಾವಿರಾರು ಜನ ಹೂಂ ಅಂದರು. ಕೊನೆಗೆ ಪಾಸ್ಕೊ ಕೌಂಟಿಯ ಶೆರಿಫ್ ಕಚೇರಿ, ದಯವಿಟ್ಟು ಚಂಡಮಾರುತಕ್ಕೆ ಗುಂಡು ಹೊಡೆಯಬೇಡಿ ಎಂದು ಅಧಿಕೃತವಾಗಿ ಹೇಳಬೇಕಾಯಿತು. ಅದನ್ನು ಟೈಪ್ ಮಾಡಿದ ನೌಕರನ ಮುಖ ನೋಡುವ ಆಸೆ ನನಗೆ ಇವತ್ತಿಗೂ ಇದೆ.

ಪಟ್ಟಿಯಲ್ಲಿ ಇರಬೇಕಾಗಿದ್ದ ಸಾಮಾನೊಂದು ಬಿಟ್ಟುಹೋಗಿದೆ. ಕಪ್ಪು ಮಾರ್ಕರ್. 2019ರಲ್ಲಿ ಡೋರಿಯನ್ ಬಂದಾಗ ಅಧ್ಯಕ್ಷ ಟ್ರಂಪ್ ತೋರಿಸಿದ ನಕ್ಷೆ ನೆನಪಿದೆಯಲ್ಲ? ಅಲಬಾಮಾಕ್ಕೂ ಹೊಡೆತ ಬೀಳುತ್ತದೆ ಅಂತ ಅವರು ಮೊದಲೇ ಹೇಳಿಬಿಟ್ಟಿದ್ದರು. ಇಲ್ಲ, ಬೀಳಲ್ಲ ಅಂತ ಬರ್ಮಿಂಗ್‌ಹ್ಯಾಮ್‌ನ ಹವಾಮಾನ ಕಚೇರಿ ಹೇಳಿತ್ತು. ಕೆಲವು ದಿನ ಬಿಟ್ಟು ನೋಡಿದರೆ, ನಕ್ಷೆಯಲ್ಲಿ ಯಾರೋ ಮಾರ್ಕರಿನಲ್ಲಿ ಅರ್ಧ ವೃತ್ತ ಗೀಚಿ ಚಂಡಮಾರುತವನ್ನು ಅಲಬಾಮಾಕ್ಕೆ ದಾಟಿಸಿದ್ದರು.

ನಮ್ಮ ಮನೆಯ ಮಾರ್ಕರಿಗೆ ಅಷ್ಟು ಶಕ್ತಿಯಿಲ್ಲ. ಅದರಲ್ಲಿ ನಾನು ಬರೆದಿರುವುದು ಗ್ಯಾರೇಜಿನ ಪ್ಲೈವುಡ್ ಹಲಗೆಗಳ ಮೇಲೆ. "ಅಡುಗೆಮನೆ, ಎಡ, ಈ ಬದಿ ಮೇಲೆ." ಕೆಲವು ಅಕ್ಷರ ಅಳಿಸಿವೆ. ಹಳೆಯ ತೂತುಗಳ ಪಕ್ಕ ಹೊಸ ತೂತು, ಅದರ ಪಕ್ಕ ಇನ್ನೊಂದು. ಹಲಗೆ ಜರಡಿಯಾಗಿದೆ. ನಾನು ಏಣಿ ಮೇಲೆ, ಹೆಂಡತಿ ಕೆಳಗೆ.

"ರೀ, ಇದು ಯಾವ ಕಿಟಕೀದು?"

"ಬರೆದಿದೆ ನೋಡೇ."

"'ಎಡ' ಅಂತಿದೆ. ಒಳಗಿಂದ ನೋಡಿದ್ರೆ ಎಡಾನಾ, ಹೊರಗಿಂದ ನೋಡಿದ್ರಾ?"

ಈ ಪ್ರಶ್ನೆಗೆ ಫೀಮಾದಲ್ಲೂ ಉತ್ತರವಿಲ್ಲ. ಎದುರುಮನೆಯವರು ನಮಗಿಂತ ಆರಾಮ. ಗಾಜಿಗೆ ಟೇಪಿನಲ್ಲಿ ದೊಡ್ಡ ಗುಣಾಕಾರದ ಗುರುತು ಹಾಕಿ ಟಿವಿ ಮುಂದೆ ಕೂರುತ್ತಾರೆ. ಟೇಪಿನಿಂದ ಗಾಜು ಒಡೆಯುವುದು ನಿಲ್ಲುವುದಿಲ್ಲ, ಚೂರುಗಳು ಇನ್ನೂ ದೊಡ್ಡದಾಗಿ ಬಂದು ಬೀಳುತ್ತವೆ, ಅಷ್ಟೇ. ತಿಳಿದವರು ಇದನ್ನು ಪ್ರತಿ ವರ್ಷ ಹೇಳುತ್ತಾರೆ. ಅವರು ಪ್ರತಿ ವರ್ಷ ಅಂಟಿಸುತ್ತಾರೆ.

ಇನ್ನು ವಿಮೆ. "ನಿಮ್ಮ ಪಾಲಿಸಿಯನ್ನು ಒಮ್ಮೆ ಓದಿಕೊಳ್ಳಿ" ಅಂತ ಪಟ್ಟಿ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಓದಿದೆ. ಮನೆಯ ವಿಮೆ ಗಾಳಿಗೆ ಮಾತ್ರ. ಪ್ರವಾಹದ ನೀರಿಗೆ ಬೇರೆ ಪಾಲಿಸಿ. ಹಾಗಾಗಿ ಚಂಡಮಾರುತ ಬಂದಾಗ, ಗೋಡೆ ಬಿದ್ದದ್ದು ಗಾಳಿಗೋ ನೀರಿಗೋ ಅಂತ ನೀವು ಅಲ್ಲೇ ನಿಂತು ಗಮನಿಸಬೇಕು. 2005ರ ಕತ್ರಿನಾ ನಂತರ ಮಿಸಿಸಿಪ್ಪಿ ಕರಾವಳಿಯಲ್ಲಿ ಬರೀ ತಳಪಾಯ ಉಳಿದಿದ್ದ ಜನ ಇದೇ ವಿಷಯಕ್ಕೆ ಕೋರ್ಟು ಅಲೆದರು. ಗೋಡೆಯೇ ಇಲ್ಲ, ಯಾವುದಕ್ಕೆ ಬಿತ್ತು ಅಂತ ಯಾರನ್ನು ಕೇಳೋದು? ಸರಿ, ನೀರಿಗೂ ಒಂದು ಪಾಲಿಸಿ ಮಾಡಿಸೋಣ ಅಂದರೆ, ಸರ್ಕಾರಿ ಪಾಲಿಸಿ ಸಾಮಾನ್ಯವಾಗಿ ಜಾರಿಗೆ ಬರಲು 30 ದಿನ. ಚಂಡಮಾರುತ ಅಷ್ಟು ದಿನ ಕಾಯುವ ಪೈಕಿ ಅಲ್ಲ. ಗಾಳಿಯ ಪಾಲಿಸಿಯಲ್ಲೂ ಹರಿಕೇನ್ ಆದರೆ ಕಡಿತ ಬೇರೆ ಲೆಕ್ಕ, ಮನೆಯ ವಿಮಾ ಮೊತ್ತದ ಮೇಲೆ ಶೇಕಡಾವಾರು. 4 ಲಕ್ಷ ಡಾಲರಿಗೆ ಶೇಕಡಾ 2 ಅಂದರೂ ಮೊದಲ 8,000 ಡಾಲರ್ ನಮ್ಮ ಜೇಬಿನದು. 2024ರಲ್ಲಿ ಹೆಲೀನ್ ಸಮುದ್ರ ಬಿಟ್ಟು ನೂರಾರು ಕಿಲೋಮೀಟರ್ ಒಳಗೆ, ಉತ್ತರ ಕ್ಯಾರೊಲಿನಾದ ಬೆಟ್ಟದ ಮೇಲಿನ ಆಶ್‌ವಿಲ್‌ವರೆಗೆ ಹೋಗಿ ಮುಳುಗಿಸಿತು. ಅಲ್ಲಿನ ಬಹುತೇಕ ಮನೆಗಳಿಗೆ ನೀರಿನ ವಿಮೆ ಇರಲಿಲ್ಲ. ಬೆಟ್ಟದಲ್ಲಿದ್ದವರು ಪ್ರವಾಹದ ವಿಮೆ ಯಾಕೆ ಮಾಡಿಸುತ್ತಾರೆ ಹೇಳಿ.

ಎರಡೇ ವಾರಕ್ಕೆ ನಮ್ಮ ಫ್ಲೋರಿಡಾಕ್ಕೆ ಮಿಲ್ಟನ್ ಬಂತು. ಸೇಂಟ್ ಪೀಟರ್ಸ್‌ಬರ್ಗ್‌ನ ದೊಡ್ಡ ಸ್ಟೇಡಿಯಂ ಒಳಗೆ ರಕ್ಷಣಾ ಸಿಬ್ಬಂದಿಗೆಂದು ಸಾಲುಸಾಲು ಮಂಚ ಹಾಕಿದ್ದರು. ಆ ರಾತ್ರಿ ಸ್ಟೇಡಿಯಂನ ಚಾವಣಿಯೇ ಚಿಂದಿಯಾಯಿತು. ಪುಣ್ಯಕ್ಕೆ ಜನರನ್ನು ಮೊದಲೇ ಬೇರೆಡೆಗೆ ಕಳಿಸಿದ್ದರು. ನನ್ನ ಪ್ಲೈವುಡ್ ನಿಂತಿತ್ತು ಅಂತ ಜಂಬ ಕೊಚ್ಚಿಕೊಳ್ಳಬಹುದಿತ್ತು, ಕೊಚ್ಚಿಕೊಂಡೆ ಕೂಡ.

ಆದರೆ ಇರ್ಮಾದಲ್ಲಿ ಇನ್ನೊಂದು ಆಯಿತು. ಇದೇ ರಾಜ್ಯದ ಹಾಲಿವುಡ್ ಎಂಬ ಊರಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಎಸಿ ನಿಂತುಹೋಯಿತು. ಗಾಳಿ ಹೋಗಿ ಬಿಸಿಲು ಬಂದಿತ್ತು. ದಿನಗಟ್ಟಲೆ ಸೆಕೆ. ಪಕ್ಕದಲ್ಲೇ ಆಸ್ಪತ್ರೆ, ಅಲ್ಲಿ ಕರೆಂಟು ಇತ್ತು, ತಂಪಾಗಿತ್ತು. 12 ಮಂದಿ ಸತ್ತರು. ಅವರು ಯಾರೂ ಪಟ್ಟಿ ಓದದೆ ಸತ್ತವರಲ್ಲ. 56 ಗ್ಯಾಲನ್ ಎತ್ತಿಡಲು, ಏಣಿ ಹತ್ತಲು, ಕಾರು ಹತ್ತಿ ಊರು ಬಿಡಲು ಆಗುವುದಿಲ್ಲ ಅಂತಲೇ ಅಲ್ಲಿ ಮಲಗಿದ್ದವರು. ಅವರ ಸಿದ್ಧತೆ ಬೇರೆಯವರ ಕೆಲಸವಾಗಿತ್ತು. ಆ ಬೇರೆಯವರು ಮಾಡಲಿಲ್ಲ. ಆಮೇಲೆ ಇಂಥ ಕೇಂದ್ರಗಳಲ್ಲಿ ಜನರೇಟರ್ ಇರಲೇಬೇಕು ಅಂತ ಕಾನೂನು ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು. "ನಿಮ್ಮ ಮನೆ ಸಿದ್ಧವಾಗಿದೆಯೇ" ಅಂತ ಪ್ರತಿ ಜೂನ್‌ನಲ್ಲಿ ನನ್ನನ್ನು ಕೇಳುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ನಗುವ ನಾಯಿಯ ಚಿತ್ರಕ್ಕೆ ಕೊಟ್ಟ ಗಮನದಲ್ಲಿ ಅರ್ಧವನ್ನು ಆ ಮಂಚಗಳ ಕಡೆ ಕೊಟ್ಟಿದ್ದರೆ ಸಾಕಿತ್ತು.

ಪಟ್ಟಿಯ ಹಿಂದೆ ಒಂದು ಉಪಾಯವಿದೆ, ಅದು ಮಾತ್ರ ನನಗೆ ಇಷ್ಟ. ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮೇಲೆ ಒಂದು ನಾಣ್ಯ ಇಡಬೇಕು. ಕರೆಂಟು ಹೋಗಿ ಎಲ್ಲ ಕರಗಿದರೆ ನಾಣ್ಯ ತಳಕ್ಕೆ ಇಳಿದಿರುತ್ತದೆ. ಆಗ ಒಳಗಿನದ್ದೆಲ್ಲ ತಿನ್ನದೆ ಎಸೆಯಬೇಕು. ಹೋದ ವರ್ಷ ಇಟ್ಟಿದ್ದೆ, ಮರೆತಿದ್ದೆ. ಮೊನ್ನೆ ಹೆಂಡತಿ ಫ್ರೀಜರ್ ತೊಳೆಯುವಾಗ ಲೋಟ ಹೊರಗೆ ತೆಗೆದು ಬೆಳಕಿಗೆ ಹಿಡಿದಳು. ನಾಣ್ಯ ತಳದಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಯಾವಾಗ ಇಳಿಯಿತೋ ಇಬ್ಬರಿಗೂ ಗೊತ್ತಿಲ್ಲ.

"ಬಟಾಣಿ ಯಾವತ್ತು ಮಾಡಿದ್ದು?" ಅಂದೆ.

"ನಿನ್ನೆ," ಅಂದಳು.